ಇಖ್ವಾನ್ ಬೆಳೆದದ್ದು ಧರ್ಮದಿಂದಲೋ, ದವಾಖಾನೆಯಿಂದಲೋ?

ತುಂಗಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕಾಡುತ್ತಿರುವ ಪ್ರಶ್ನೆ ಇದು. ರಾಜಕೀಯ ಇಸ್ಲಾಂ ಅಂದ ಕೂಡಲೇ ನಮ್ಮ ಟಿವಿಯಲ್ಲಿ ಎರಡೇ ಸುದ್ದಿ. ಒಂದೋ ಬಾಂಬು, ಇಲ್ಲಾ ಚುನಾವಣೆ. ಆದರೆ ಈಜಿಪ್ಟಿನ ಮುಸ್ಲಿಂ ಬ್ರದರ್‌ಹುಡ್, ಅಂದರೆ ಇಖ್ವಾನ್ ಕಥೆ ಓದುತ್ತಾ ಹೋದರೆ ಇವೆರಡೂ ಬರುವುದು ಬಹಳ ತಡವಾಗಿ. ಅದಕ್ಕೂ ಮೊದಲು ಬರುವುದು ಮಸೀದಿ, ಶಾಲೆ, ರಾತ್ರಿ ತರಗತಿ, ದವಾಖಾನೆ, ವಿದ್ಯಾರ್ಥಿ ಸಂಘ, ವೈದ್ಯರ ಸಂಘ.

1928ರಲ್ಲಿ ಇಸ್ಮಾಯಿಲಿಯಾ ಎಂಬ ಊರಿನಲ್ಲಿ 21 ವರ್ಷದ ಒಬ್ಬ ಪ್ರಾಥಮಿಕ ಶಾಲೆ ಮೇಷ್ಟ್ರು, ಹಸನ್ ಅಲ್ ಬನ್ನಾ, ಆರು ಕೂಲಿಕಾರರ ಜೊತೆ ಸೇರಿ ಶುರು ಮಾಡಿದ ಸಂಘ ಇದು. 1949ರ ಹೊತ್ತಿಗೆ ಸುಮಾರು 2000 ಶಾಖೆ ಇದ್ದವು. ಒಂದು ರಾಜಕೀಯ ಪಕ್ಷಕ್ಕೆ ಇಪ್ಪತ್ತು ವರ್ಷದಲ್ಲಿ ಇದು ಸಾಧ್ಯವಾ? ನನಗೆ ಅನ್ನಿಸುವುದು ಇದನ್ನು ಮೊದಲು ಸಾಮಾಜಿಕ ಚಳವಳಿ ಅಂತ ನೋಡಬೇಕು, ಆಮೇಲೆ ಪಕ್ಷ ಅಂತ. ನೀವೇನಂತೀರಿ? ಜನ ಸೇರಿದ್ದು ಧರ್ಮಕ್ಕಾ, ಸೇವೆಗಾ?

ಅಂಕೋಲಾದವ

ಎರಡಕ್ಕೂ. ಮುಂದಿನ ಪ್ರಶ್ನೆ.

ಇತಿಹಾಸದ ಮೇಷ್ಟ್ರು

ಅಷ್ಟು ಬೇಗ ಮುಗಿಸಬೇಡಿ ಅಂಕೋಲಾದವರೇ. ಊರು ಯಾವುದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಇಸ್ಮಾಯಿಲಿಯಾ ಸಾಮಾನ್ಯ ಊರಲ್ಲ. ಅದು ಸುಯೆಜ್ ಕಾಲುವೆ ಕಂಪನಿಯ ಊರು. ಕಂಪನಿ ಅಧಿಕಾರಿಗಳಿಗೆ ತೋಟ, ಬಂಗಲೆ, ಒಳ್ಳೆ ನೀರು. ಈಜಿಪ್ಟಿನ ಕೂಲಿಕಾರರಿಗೆ ಇಕ್ಕಟ್ಟಿನ ಕೇರಿ. ಪಕ್ಕದಲ್ಲೇ ಬ್ರಿಟಿಷ್ ಸೈನ್ಯದ ಶಿಬಿರ. 1922ರಲ್ಲಿ ಈಜಿಪ್ಟಿಗೆ ಸ್ವಾತಂತ್ರ್ಯ ಕೊಟ್ಟೆವು ಅಂತ ಬ್ರಿಟಿಷರು ಹೇಳಿದ್ದರು, ಆದರೆ ಸೈನ್ಯ ಹೋಗಿರಲಿಲ್ಲ. 1924ರಲ್ಲಿ ತುರ್ಕಿ ಖಿಲಾಫತ್ತನ್ನೇ, ಅಂದರೆ ಮುಸ್ಲಿಂ ಜಗತ್ತಿನ ಮುಖ್ಯಸ್ಥನೆನಿಸಿದ್ದ ಖಲೀಫನ ಪೀಠವನ್ನೇ, ರದ್ದು ಮಾಡಿತು. ಅದರ ನೋವು ನಮ್ಮ ದೇಶಕ್ಕೂ ತಟ್ಟಿತ್ತು. ಅಲಿ ಸಹೋದರರು ನಡೆಸಿದ, ಗಾಂಧೀಜಿ ಬೆಂಬಲಿಸಿದ ಖಿಲಾಫತ್ ಚಳವಳಿ ನಿಮಗೆಲ್ಲ ಗೊತ್ತಿದೆ. ಹಾಗಾಗಿ ಬನ್ನಾ ಹತ್ತಿರ ಬಂದ ಆ ಆರು ಜನ ಬ್ರಿಟಿಷ್ ಶಿಬಿರದಲ್ಲಿ ದುಡಿಯುತ್ತಿದ್ದವರು ಅನ್ನುವುದು ಸಣ್ಣ ವಿವರ ಅಲ್ಲ. ಅವರಿಗೆ ಅವಮಾನ ದಿನನಿತ್ಯದ್ದು. ಅದನ್ನು ಹೇಳಿಕೊಳ್ಳಲು ಅವರ ಹತ್ತಿರ ಇದ್ದದ್ದು ಧರ್ಮದ ಮಾತು.

ಇನ್ನೊಂದು. ಬನ್ನಾ ಮಸೀದಿಯಲ್ಲಿ ಕೂತು ಜನ ಬರಲಿ ಅಂತ ಕಾಯಲಿಲ್ಲ. ಕಾಫಿ ಅಂಗಡಿಗಳಿಗೇ ಹೋಗಿ ಮಾತಾಡಿದರು. ಮಸೀದಿಯಲ್ಲಿ ಪಂಥಗಳ ಜಗಳ, ಕಾಫಿ ಅಂಗಡಿಯಲ್ಲಿ ಸುಸ್ತಾದ ಜನ. ಯಾರ ಹತ್ತಿರ ಮಾತಾಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ತಂದೆ ಗಡಿಯಾರ ರಿಪೇರಿ ಮಾಡುತ್ತಾ ಹದೀಸ್, ಅಂದರೆ ಪ್ರವಾದಿಯ ಮಾತುಗಳ ಸಂಗ್ರಹ, ಓದಿಕೊಂಡಿದ್ದವರು. ಮಗ ಓದಿದ್ದು ಮೇಷ್ಟ್ರುಗಳನ್ನು ತಯಾರು ಮಾಡುವ ಕೈರೋದ ದಾರುಲ್ ಉಲೂಮ್ ಕಾಲೇಜಿನಲ್ಲಿ, ಮೌಲ್ವಿಗಳು ಓದುವ ಅಜ್ಹರ್‌ನಲ್ಲಿ ಅಲ್ಲ. ಈ ಚಳವಳಿಯ ನಾಯಕರು ಮೊದಲಿನಿಂದಲೂ ಮೌಲ್ವಿಗಳಲ್ಲ. ಮೇಷ್ಟ್ರು, ವಕೀಲರು, ಆಮೇಲೆ ಡಾಕ್ಟರ್, ಎಂಜಿನಿಯರ್. ಇದನ್ನು ಮರೆತರೆ ಮುಂದಿನದೇನೂ ಅರ್ಥವಾಗಲ್ಲ.

ನೇರ ಮಾತು

ಚೆನ್ನಾಗಿದೆ, ಆದರೆ ದವಾಖಾನೆ, ಶಾಲೆ ಅಂತ ಹೇಳುತ್ತಾ ಹೋದರೆ ಯಾವುದೋ ಸೇವಾ ಸಂಸ್ಥೆಯ ಕಥೆ ಓದಿದ ಹಾಗಾಗುತ್ತದೆ. 1940ರ ಸುಮಾರಿಗೆ ಇವರೊಂದು ಗುಪ್ತ ಸಶಸ್ತ್ರ ದಳ ಕಟ್ಟಿದ್ದರು. 1948ರಲ್ಲಿ ಖಾಜಿಂದಾರ್ ಎಂಬ ನ್ಯಾಯಾಧೀಶರನ್ನು ಕೊಂದರು. ಡಿಸೆಂಬರ್‌ನಲ್ಲಿ ಪ್ರಧಾನಿ ನುಕ್ರಾಶಿ ಪಾಶಾ ಸಂಘವನ್ನು ನಿಷೇಧಿಸಿದರು. ಮೂರೇ ವಾರದಲ್ಲಿ ಪೊಲೀಸ್ ವೇಷದಲ್ಲಿ ಬಂದ ಪಶುವೈದ್ಯಕೀಯ ವಿದ್ಯಾರ್ಥಿಯೊಬ್ಬ ಅವರನ್ನೇ ಗುಂಡಿಟ್ಟು ಕೊಂದ. ಇದೂ ಅದೇ ಸಂಘದ ಚರಿತ್ರೆ. ಸೇವೆಯನ್ನು ಮಾತ್ರ ತೋರಿಸಿ ಇದನ್ನು ಬದಿಗಿಟ್ಟರೆ ಅನ್ಯಾಯ.

ಇತಿಹಾಸದ ಮೇಷ್ಟ್ರು

ಬದಿಗಿಡುತ್ತಿಲ್ಲ. ಪೂರ್ತಿ ಹೇಳೋಣ. 1949ರ ಫೆಬ್ರವರಿಯಲ್ಲಿ ಕೈರೋದ ನಡುಬೀದಿಯಲ್ಲಿ ಬನ್ನಾ ಅವರನ್ನೂ ಗುಂಡಿಟ್ಟು ಕೊಂದರು. ಅದು ಸರ್ಕಾರದ ಕಡೆಯವರ ಕೆಲಸ. 1954ರ ಅಕ್ಟೋಬರ್‌ನಲ್ಲಿ ಅಲೆಕ್ಸಾಂಡ್ರಿಯಾದ ಸಭೆಯಲ್ಲಿ ಪ್ರಧಾನಿ ನಾಸೆರ್ ಮೇಲೆ ಗುಂಡು ಹಾರಿತು. ಇಖ್ವಾನ್‌ನ ಆರು ಜನಕ್ಕೆ ಗಲ್ಲು, ಸಾವಿರಾರು ಜನಕ್ಕೆ ಜೈಲು. ಆ ಜೈಲಿನಲ್ಲೇ ಇಖ್ವಾನ್‌ನ ಲೇಖಕ ಸಯ್ಯಿದ್ ಕುತುಬ್ ಅವರ ಕಟು ಬರಹ ಹುಟ್ಟಿತು. ಈಗಿನ ಮುಸ್ಲಿಂ ಸರ್ಕಾರಗಳೇ ಇಸ್ಲಾಂ ಬಿಟ್ಟವು, ಅವನ್ನು ಉರುಳಿಸಬೇಕು ಅನ್ನುವ ವಾದ ಅದು. 1966ರಲ್ಲಿ ಅವರನ್ನೂ ಗಲ್ಲಿಗೇರಿಸಿದರು.

ಆದರೆ ಸಂಘದ ಮುಖ್ಯಸ್ಥ ಹಸನ್ ಅಲ್ ಹುದೈಬಿ ಅದೇ ಜೈಲಿನಿಂದ ಇದಕ್ಕೆ ವಿರುದ್ಧ ನಿಂತರು. ಅವರು ಮೊದಲು ನ್ಯಾಯಾಧೀಶರಾಗಿದ್ದವರು. ಬೇರೆಯವರ ನಂಬಿಕೆ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ನಾವು ಬೋಧಕರು ಅನ್ನುವುದು ಅವರ ನಿಲುವು. ಎರಡು ದಾರಿ ಒಡೆದದ್ದು ಅಲ್ಲೇ. ಒಂದು ದಾರಿಯವರು 1981ರಲ್ಲಿ ಅಧ್ಯಕ್ಷ ಸಾದತ್ ಅವರನ್ನು ಕೊಂದರು. ಇನ್ನೊಂದು ದಾರಿಯವರು ಚುನಾವಣೆಗೆ ಹೋದರು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಏನೂ ತಿಳಿಯುವುದಿಲ್ಲ.

ನೇರ ಮಾತು

ದಾರಿ ಒಡೆಯಿತು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಇಖ್ವಾನ್ ಕುತುಬ್ ಅವರನ್ನು ಯಾವತ್ತೂ ಪೂರ್ತಿ ಬಿಟ್ಟುಕೊಡಲಿಲ್ಲ ಅಲ್ವಾ? ಹುತಾತ್ಮ ಅಂತ ಗೌರವಿಸುತ್ತಲೇ ಬಂದರು. ಆ ಗೊಂದಲಕ್ಕೆ ಬೆಲೆ ತೆರಬೇಕಾಯಿತು.

ಕಲಬುರಗಿ ಹುಡುಗ

ನಮ್ಮ ಭಾಗದಲ್ಲಿ ಇದೆಲ್ಲ ಹೊಸದಲ್ಲರೀ. ನಮ್ಮಜ್ಜ ರಜಾಕಾರರ ಕಥೆ ಹೇಳುತ್ತಿದ್ದರು. ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿ ಇದ್ದರಂತೆ. ಜಮಾಅತೆ ಇಸ್ಲಾಮಿ ಕಟ್ಟಿದ ಮೌದೂದಿ ಕೂಡ ನಿಜಾಮನ ಔರಂಗಾಬಾದಿನವರೇ. ರಜಾಕಾರರ ಹಿಂದೆ ಇದ್ದದ್ದು ಇದೇ ವಿಚಾರ.

ಇತಿಹಾಸದ ಮೇಷ್ಟ್ರು

ತಮ್ಮಾ, ನಿಮ್ಮ ಅಜ್ಜನ ನೋವು ನಿಜ. ಬೀದರ್, ಕಲಬುರಗಿ, ರಾಯಚೂರಿನ ಸಾವಿರಾರು ಮನೆಗಳಲ್ಲಿ ಆ ನೆನಪು ಇದೆ. ಆದರೆ ಎರಡು ಬೇರೆ ಸಂಗತಿ ಇಲ್ಲಿ ಸೇರಿಹೋಗಿವೆ. ರಜಾಕಾರರು ಖಾಸಿಂ ರಜ್ವಿ ನಾಯಕತ್ವದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಪಡೆ. ನಿಜಾಮನ ಗದ್ದುಗೆ ಉಳಿಸುವುದು ಅವರ ಗುರಿ. ಮೌದೂದಿ 1903ರಲ್ಲಿ ಔರಂಗಾಬಾದಿನಲ್ಲಿ ಹುಟ್ಟಿದ್ದು ಹೌದು. 1930ರ ದಶಕದಲ್ಲಿ ಹೈದರಾಬಾದಿನಿಂದ ಪತ್ರಿಕೆ ನಡೆಸಿದ್ದೂ ಹೌದು. ಆದರೆ ಅವರು ಜಮಾಅತೆ ಇಸ್ಲಾಮಿ ಶುರು ಮಾಡಿದ್ದು 1941ರಲ್ಲಿ, ಲಾಹೋರಿನಲ್ಲಿ. ರಾಜರ ಆಳ್ವಿಕೆ ಬಗ್ಗೆ ಅವರಿಗೆ ಗೌರವ ಇರಲಿಲ್ಲ. ಮುಸ್ಲಿಂ ಲೀಗಿನ ಪಾಕಿಸ್ತಾನದ ಬೇಡಿಕೆಯನ್ನೂ ಮೊದಲು ವಿರೋಧಿಸಿದರು, ಅದು ಬರೀ ರಾಷ್ಟ್ರವಾದ ಅಂತ. ಆಮೇಲೆ ಅದೇ ಪಾಕಿಸ್ತಾನಕ್ಕೆ ಹೋದರು.

ಕಲಬುರಗಿ ಹುಡುಗ

ಸರಿ ಮೇಷ್ಟ್ರೇ. ಆದರೆ ಜಮಾಅತ್ ಪಾಕಿಸ್ತಾನದಲ್ಲಿ ಯಾಕೆ ಗೆಲ್ಲಲಿಲ್ಲ? ದೇಶವೇ ಧರ್ಮದ ಹೆಸರಿನದು.

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಅಣ್ಣಾ. ಮೂಲ ಪ್ರಶ್ನೆಗೂ ಅದು ಸಂಬಂಧಪಟ್ಟದ್ದೇ. 1970ರ ಚುನಾವಣೆಯಲ್ಲಿ ಜಮಾಅತ್‌ಗೆ ರಾಷ್ಟ್ರೀಯ ಸಭೆಯಲ್ಲಿ ಬಂದದ್ದು 4 ಸೀಟು. ಬರೀ ಧರ್ಮದಿಂದಲೇ ಜನ ಬರುವುದಾದರೆ ಅಲ್ಲಿ ಗೆಲ್ಲಬೇಕಿತ್ತು. ಮೌದೂದಿ ಆರಿಸಿ ತೆಗೆದ, ಓದಿದ, ಶಿಸ್ತಿನ ಸಣ್ಣ ಗುಂಪು ಕಟ್ಟಿದರು. ಬನ್ನಾ ಕಾಫಿ ಅಂಗಡಿಯಿಂದ ಶುರು ಮಾಡಿದರು. ವಿಚಾರ ಹತ್ತಿರ ಹತ್ತಿರ ಇದ್ದರೂ ಕಟ್ಟಿದ ರೀತಿ ಬೇರೆ.

ನಮ್ಮ ವಿಭಾಗದಲ್ಲಿ ಮೊದಲು ಕಲಿಸುತ್ತಿದ್ದ ವಿವರಣೆ ಸರಳ. ಬಡತನ ಬಂತು, ಹತಾಶೆ ಬಂತು, ಜನ ಧರ್ಮದ ಕಡೆ ಓಡಿದರು. ಇದು ಈಜಿಪ್ಟಿಗೆ ಸರಿಹೊಂದಲ್ಲ. ಸಾದ್ ಎದ್ದೀನ್ ಇಬ್ರಾಹಿಂ ಎಂಬ ಈಜಿಪ್ಟಿನ ಸಮಾಜಶಾಸ್ತ್ರಜ್ಞರು 1970ರ ದಶಕದ ಕೊನೆಗೆ ಜೈಲಿಗೆ ಹೋಗಿ ಉಗ್ರ ಗುಂಪುಗಳ ಸದಸ್ಯರನ್ನೇ ಮಾತಾಡಿಸಿದರು. ಅವರು ಇಖ್ವಾನ್ ಅಲ್ಲ, ಇನ್ನೂ ಕಟುವಾದ ಗುಂಪಿನವರು. ಸಿಕ್ಕಿದ್ದು ಯಾರು ಗೊತ್ತಾ? ಹೆಚ್ಚಿನವರು ಕಾಲೇಜು ಓದಿದವರು. ಎಂಜಿನಿಯರಿಂಗ್, ವೈದ್ಯಕೀಯದಂಥ ಸುಲಭಕ್ಕೆ ಸೀಟು ಸಿಗದ ಕೋರ್ಸಿನವರು. ಹಳ್ಳಿ, ಸಣ್ಣ ಪಟ್ಟಣಗಳಿಂದ ಬಂದ ಸಾಧಾರಣ ಮನೆಯ ಮಕ್ಕಳು. ತೀರಾ ಬಡವರಲ್ಲ.

ಯಾಕೆ ಅಂದರೆ, ನಾಸೆರ್ ಕಾಲದಲ್ಲಿ ಡಿಗ್ರಿ ಮಾಡಿದ ಎಲ್ಲರಿಗೂ ಸರ್ಕಾರಿ ಕೆಲಸ ಅಂತ ಮಾತು ಕೊಟ್ಟಿದ್ದರು. ಕಾಲೇಜು ತುಂಬಿ ತುಳುಕಿದವು. ಕೆಲಸ ಮಾತ್ರ ವರ್ಷಗಟ್ಟಲೆ ಕಾದರೂ ಬರುತ್ತಿರಲಿಲ್ಲ. ಬಂದ ಸಂಬಳದಲ್ಲಿ ಮನೆ ಮಾಡಲು, ಮದುವೆ ಆಗಲು ಆಗುತ್ತಿರಲಿಲ್ಲ. ಓದಿ ಮೇಲೆ ಬರುತ್ತೇನೆ ಅಂತ ನಂಬಿದವನಿಗೆ ಆಗುವ ಸಿಟ್ಟು ಬೇರೆ ಥರದ್ದು. ಆದರೆ ಆ ಸಿಟ್ಟು ಒಂದೇ ಸಾಲದು. ಅದನ್ನು ಒಂದು ಕಡೆ ಸೇರಿಸುವ ಜಾಲ ಬೇಕು. 1970ರ ದಶಕದ ವಿಶ್ವವಿದ್ಯಾಲಯಗಳಲ್ಲಿ ಆ ಜಾಲ ಸಿಕ್ಕಿತು.

ತುಂಗಾತೀರ

ಅದನ್ನೇ ಸ್ವಲ್ಪ ಬಿಡಿಸಿ ಹೇಳಿ ತಂಗಿ. ವಿಶ್ವವಿದ್ಯಾಲಯದಲ್ಲಿ ಏನಾಯಿತು?

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಸಾದತ್ ಬಂದ ಮೇಲೆ ಜೈಲಿನಿಂದ ಇಖ್ವಾನ್ ಹಿರಿಯರನ್ನು ಬಿಟ್ಟರು. ಕ್ಯಾಂಪಸ್ಸಿನಲ್ಲಿ ಎಡಪಂಥದವರನ್ನು ತಗ್ಗಿಸಲು ಇಸ್ಲಾಮಿ ವಿದ್ಯಾರ್ಥಿ ಗುಂಪುಗಳಿಗೆ ಜಾಗ ಬಿಟ್ಟುಕೊಟ್ಟರು. ಇದು ಮೇಲಿನಿಂದ ಸಿಕ್ಕ ಅವಕಾಶ. ಆದರೆ ಆ ಹುಡುಗರು ಅದನ್ನು ಬಳಸಿದ ರೀತಿ ನೋಡಿ. ತರಗತಿಯಲ್ಲಿ ಕೂರಲು ಜಾಗವಿಲ್ಲ, ಪುಸ್ತಕ ದುಬಾರಿ. ಇವರು ನೋಟ್ಸ್ ಅಚ್ಚು ಹಾಕಿಸಿ ಕಡಿಮೆ ಬೆಲೆಗೆ ಕೊಟ್ಟರು. ಬಸ್ಸಿನ ನೂಕುನುಗ್ಗಲಿನಲ್ಲಿ ಹುಡುಗಿಯರಿಗೆ ಕಿರುಕುಳ. ಅವರಿಗೇ ಬೇರೆ ವ್ಯಾನ್ ಮಾಡಿದರು. ಪರೀಕ್ಷೆಗೆ ಓದಲು ಮಸೀದಿಯಲ್ಲಿ ಜಾಗ, ಬೇಸಿಗೆಯಲ್ಲಿ ಶಿಬಿರ. ಕೆಲವೇ ವರ್ಷದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಗೆದ್ದರು. 1977ರಲ್ಲಿ ಅಬ್ದುಲ್ ಮುನಿಮ್ ಅಬುಲ್ ಫುತೂಹ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸಾದತ್ ಎದುರೇ ನಿಂತು ಪ್ರಶ್ನೆ ಮಾಡಿದ್ದು ಆ ಕಾಲದಲ್ಲೇ.

ಆಮೇಲೆ ಈ ಹುಡುಗರಲ್ಲಿ ತುಂಬಾ ಜನ ಇಖ್ವಾನ್ ಸೇರಿದರು. ಜೈಲಿನಲ್ಲಿ ಸವೆದಿದ್ದ ಮುದುಕರ ಸಂಘಕ್ಕೆ ಹೊಸ ರಕ್ತ ಬಂತು. ಡಿಗ್ರಿ ಮುಗಿಸಿ ಡಾಕ್ಟರ್, ಎಂಜಿನಿಯರ್, ವಕೀಲರಾದರು. ಆ ವೃತ್ತಿಗಳ ಸಂಘಗಳನ್ನು ಚುನಾವಣೆಯಲ್ಲಿ ಹಿಡಿದರು. 1980ರ ದಶಕದಲ್ಲಿ ವೈದ್ಯರ ಸಂಘ, 1987ರಲ್ಲಿ ಎಂಜಿನಿಯರ್‌ಗಳದ್ದು, 1992ರಲ್ಲಿ ವಕೀಲರದ್ದು.

ದೋಹಾ ವಾಸಿ

ನಾನು ಪುತ್ತೂರಿನವ, ಈಗ ಕತಾರಿನಲ್ಲಿ. ಇಲ್ಲಿ ಈಜಿಪ್ಟಿನವರ ಜೊತೆ ದಿನಾ ಕೆಲಸ. ನಮ್ಮ ಕಂಪನಿಯ ಹಿರಿಯ ಎಂಜಿನಿಯರ್ ಒಬ್ಬರು 1992ರ ಕೈರೋ ಭೂಕಂಪದ ಕಥೆ ಹೇಳುತ್ತಿರುತ್ತಾರೆ. ಅಕ್ಟೋಬರ್ 12. ಅವರಿಗಾಗ ಹದಿನೈದೋ ಹದಿನಾರೋ ವರ್ಷ. ಗಂಟೆಗಳೊಳಗೆ ಬೀದಿಯಲ್ಲಿ ಡೇರೆ, ಕಂಬಳಿ, ಔಷಧಿ. ತಂದವರು ವೈದ್ಯರ ಸಂಘ, ಎಂಜಿನಿಯರ್‌ಗಳ ಸಂಘದವರು. ಡೇರೆ ಮೇಲೆ ಬಟ್ಟೆಯಲ್ಲಿ ಬರೆದದ್ದು 'ಇಸ್ಲಾಂ ಒಂದೇ ಪರಿಹಾರ'. ಸರ್ಕಾರದವರು ಬರುವ ಹೊತ್ತಿಗೆ ಜನಕ್ಕೆ ಊಟ ಆಗಿತ್ತು ಅಂತಾರೆ ಅವರು. ಅವರು ಇಖ್ವಾನ್ ಅಲ್ಲ ಮಾರಾಯ್ರೆ, 2013ರಲ್ಲಿ ಇವರ ವಿರುದ್ಧ ಬೀದಿಗಿಳಿದವರ ಪೈಕಿ. ಆದರೂ ಆ ದಿನದ ಬಗ್ಗೆ ಹೇಳುವಾಗ ಗೌರವದಿಂದಲೇ ಹೇಳುತ್ತಾರೆ.

ಇತಿಹಾಸದ ಮೇಷ್ಟ್ರು

ಸರ್ಕಾರ ಬೆಚ್ಚಿದ್ದೂ ಅಲ್ಲೇ. ಮರುವರ್ಷವೇ, 1993ರಲ್ಲಿ, ವೃತ್ತಿ ಸಂಘಗಳ ಚುನಾವಣೆಗೆ ಕಡಿವಾಣ ಹಾಕುವ ಕಾನೂನು ತಂದರು. 1995ರಲ್ಲಿ ಇಖ್ವಾನ್‌ನ ಹತ್ತಾರು ನಾಯಕರನ್ನು ಸೈನಿಕ ನ್ಯಾಯಾಲಯಕ್ಕೆ ಎಳೆದರು. ಕಂಬಳಿ ಹಂಚಿದ್ದನ್ನು ಅಧ್ಯಕ್ಷ ಮುಬಾರಕ್ ಸರ್ಕಾರ ಬಂದೂಕಿನಷ್ಟೇ ಗಂಭೀರವಾಗಿ ತೆಗೆದುಕೊಂಡಿತು.

ಅಂಕೋಲಾದವ

ದೋಹಾದವರೇ, ಅಲ್ಲಿ ಕುಶರಿ ಚೆನ್ನಾಗಿ ಸಿಗುತ್ತದಾ? ಅನ್ನ, ಮಸೂರ, ಮೆಕರೋನಿ ಎಲ್ಲ ಒಟ್ಟಿಗೆ ಹಾಕಿ ಮೇಲೆ ಹುರಿದ ಈರುಳ್ಳಿ. ದುಬೈನಲ್ಲಿ ತಿಂದಿದ್ದೆ, ಮರೆಯೋಕಾಗಲ್ಲ.

ದೋಹಾ ವಾಸಿ

ಸಿಗ್ತದೆ, ಬನ್ನಿ. ಖಾರದ ಸಾಸ್ ಜಾಸ್ತಿ ಹಾಕಿಸುವಾ.

ಉಡುಪಿಯ ಓದುಗಿ

ಇಷ್ಟು ಹೊತ್ತು ಚರ್ಚೆ ನಡೆದರೂ ಒಬ್ಬ ಹೆಂಗಸಿನ ಹೆಸರು ಬರಲಿಲ್ಲ. ನಾನೇ ಹೇಳುತ್ತೇನೆ. ಝೈನಬ್ ಅಲ್ ಗಝಾಲಿ. ಹರೆಯದಲ್ಲಿ ಹುದಾ ಶಅರಾವಿ ಅವರ ಸ್ತ್ರೀವಾದಿ ಸಂಘದಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿಂದ ಹೊರಬಂದು 1930ರ ದಶಕದಲ್ಲೇ ಮುಸ್ಲಿಂ ಮಹಿಳೆಯರ ಸಂಘ ಕಟ್ಟಿದವರು. ಬನ್ನಾ ತಮ್ಮ ಸಂಘದ ಜೊತೆ ಸೇರಿಸಿ ಅಂದಾಗ ಮೊದಲು ಒಪ್ಪಲಿಲ್ಲ. 1954ರ ನಂತರ ಗಂಡಸರೆಲ್ಲ ಜೈಲಿನಲ್ಲಿದ್ದಾಗ ಅವರ ಮನೆಗಳಿಗೆ ದುಡ್ಡು, ದಿನಸಿ ತಲುಪಿಸಿದವರು ಇಂಥ ಹೆಂಗಸರು. ಸಂಘ ಅಳಿಯದೆ ಉಳಿದದ್ದು ಆ ಮನೆಗಳಲ್ಲಿ. 1965ರಲ್ಲಿ ಝೈನಬ್ ಅವರನ್ನೂ ಬಂಧಿಸಿ ಹಿಂಸೆ ಕೊಟ್ಟರು. ಹೊರಬಂದದ್ದು 1971ರಲ್ಲಿ.

ಇಷ್ಟೆಲ್ಲ ಮಾಡಿದ ಹೆಂಗಸರಿಗೆ ಸಿಕ್ಕಿದ್ದೇನು? 2007ರಲ್ಲಿ ಇಖ್ವಾನ್ ಹೊರಗೆ ಬಿಟ್ಟ ಪಕ್ಷದ ಕರಡಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಮಹಿಳೆಯೂ ಆಗದು, ಕಾಪ್ಟಿಕ್ ಕ್ರೈಸ್ತರೂ ಆಗದು ಅಂತಿತ್ತು. ಒಳಗಿನ ಕಿರಿಯರೇ ಅದನ್ನು ಬಹಿರಂಗವಾಗಿ ಟೀಕಿಸಿದರು. ನಾನು ಮುಸ್ಲಿಂ ಮನೆಯ ಹೆಣ್ಣುಮಗಳಾಗಿಯೇ ಹೇಳುತ್ತೇನೆ, ಸೇವೆಗೆ ಬೇಕು, ತೀರ್ಮಾನಕ್ಕೆ ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಇದು ಇಸ್ಲಾಮಿನ ಮಾತು ಅಂತ ಯಾರಾದರೂ ಹೇಳಿದರೆ ವಾದಕ್ಕೆ ನಾನು ತಯಾರಿದ್ದೇನೆ.

ಬರ್ಲಿನ್ ಕನ್ನಡಿಗ

ಅಕ್ಕ, ತುರ್ಕಿಯಲ್ಲೂ ಇದೇ ಕಥೆ. ಎರ್ಬಕಾನ್ ಎಂಬ ಎಂಜಿನಿಯರಿಂಗ್ ಪ್ರೊಫೆಸರ್ ಕಟ್ಟಿದ ಮಿಲ್ಲಿ ಗೊರುಷ್ ಚಳವಳಿ ಇತ್ತು. ಅದರ ರಫಾಹ್ ಪಕ್ಷ 1994ರಲ್ಲಿ ಇಸ್ತಾನ್‌ಬುಲ್ ಮತ್ತು ಅಂಕಾರಾ ನಗರಸಭೆ ಗೆದ್ದಿತು. ಇಸ್ತಾನ್‌ಬುಲ್ ಮೇಯರ್ ಆದದ್ದು ಎರ್ಡೊವಾನ್. ಆಗ ಅಲ್ಲಿ ನೀರಿಲ್ಲ, ಕಸದ ಗುಡ್ಡೆ, ಕಲ್ಲಿದ್ದಲ ಹೊಗೆ. ಹಳ್ಳಿಯಿಂದ ಬಂದವರು ರಾತ್ರೋರಾತ್ರಿ ಕಟ್ಟಿಕೊಂಡ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಕೂತು ಮಾತಾಡಿದವರು ಪಕ್ಷದ ಹೆಂಗಸರು. ಮದುವೆಗೆ, ಸಾವಿಗೆ, ಹೆರಿಗೆಗೆ ಹೋಗುತ್ತಿದ್ದರು. ಗೆದ್ದ ಮೇಲೆ ಹುದ್ದೆ ಹಂಚುವಾಗ ಅವರಿಗೆ ಜಾಗ ಸಿಗಲಿಲ್ಲ.

ಇಲ್ಲಿ ಜರ್ಮನಿಯಲ್ಲೂ ಮಿಲ್ಲಿ ಗೊರುಷ್ ಮಸೀದಿಗಳಿವೆ. ಅದರ ಕೇಂದ್ರ ಕಲೋನ್ ನಗರದಲ್ಲಿದೆ. ನನ್ನ ನೆರೆಮನೆಯ ತುರ್ಕಿ ಅಜ್ಜಿ ಅಲ್ಲಿಗೆ ಹೋಗುವುದು ರಾಜಕೀಯಕ್ಕಲ್ಲ. ಮೊಮ್ಮಕ್ಕಳ ಮನೆಪಾಠಕ್ಕೆ, ತಾನು ಸತ್ತರೆ ಊರಿಗೆ ಶವ ಕಳಿಸುವ ನಿಧಿಗೆ. ಇದನ್ನೆಲ್ಲ 'ಬರೀ ವೋಟಿನ ತಂತ್ರ' ಅಂದುಬಿಡುವುದು ನನಗೆ ಸರಿಕಾಣಲ್ಲ.

ನೇರ ಮಾತು

ತಂತ್ರ ಅಲ್ಲ ಅಂತ ಯಾಕೆ ಹೇಳಬೇಕು? ಎಲ್ಲ ದೇಶದಲ್ಲೂ ಸಂಘಟನೆಗಳು ಹೀಗೇ ಬೆಳೆಯುವುದು. ನಮ್ಮಲ್ಲಿ ಆರೆಸ್ಸೆಸ್ ಹುಟ್ಟಿದ್ದು 1925ರಲ್ಲಿ, ಇಖ್ವಾನ್‌ಗಿಂತ ಮೂರು ವರ್ಷ ಮೊದಲು. ಶಾಖೆ, ಶಿಬಿರ, ಶಾಲೆ, ನೆರೆ ಬಂದರೆ ಪರಿಹಾರ...

ಕಲಬುರಗಿ ಹುಡುಗ

ಏನ್ರೀ ಇದು! ಎಲ್ಲಿಂದ ಎಲ್ಲಿಗೆ ಹೋಲಿಕೆ? ಒಪ್ಪಲ್ಲ ನಾನು.

ನಿರ್ವಾಹಕ

ಆ ಹೋಲಿಕೆ ಮಾಡಬೇಕೆನ್ನುವವರು ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಈಜಿಪ್ಟ್ ಸುತ್ತಲೇ ಇರೋಣ. ವೈಯಕ್ತಿಕ ಮಾತು ಬೇಡ. ಮೂರು ಪ್ರತಿಕ್ರಿಯೆ ತೆಗೆದುಹಾಕಿದ್ದೇನೆ.

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಮೂಲ ಪ್ರಶ್ನೆಗೆ ಬರುತ್ತೇನೆ. ದವಾಖಾನೆ ಕಥೆಯಲ್ಲೂ ಒಂದು ತಿರುವಿದೆ. ಎಲ್ಲರೂ ಹೇಳುವುದು 'ಬಡವರಿಗೆ ಚಿಕಿತ್ಸೆ ಕೊಟ್ಟರು, ಬಡವರು ವೋಟು ಕೊಟ್ಟರು' ಅಂತ. ಈಜಿಪ್ಟ್, ಜೋರ್ಡನ್, ಯೆಮನ್‌ನಲ್ಲಿ ಇಂಥ ಸಂಸ್ಥೆಗಳ ಒಳಗೆ ಹೋಗಿ ಅಧ್ಯಯನ ಮಾಡಿದವರಿಗೆ ಕಂಡದ್ದು ಬೇರೆ. ಈ ಕ್ಲಿನಿಕ್‌ಗಳು ಕಡುಬಡವರಿಗಿಂತ ಮಧ್ಯಮ ವರ್ಗದವರಿಗೇ ಜಾಸ್ತಿ ಕೆಲಸಕ್ಕೆ ಬಂದವು. ಶುಲ್ಕ ಇತ್ತು, ಕಡಿಮೆ ಅಷ್ಟೇ. ಸರ್ಕಾರಿ ಆಸ್ಪತ್ರೆಯ ಸಾಲು, ಲಂಚ ಇಲ್ಲದೆ ಮರ್ಯಾದೆಯಿಂದ ನೋಡುತ್ತಿದ್ದರು. ಕೆಲಸವಿಲ್ಲದ ಡಾಕ್ಟರಿಗೆ ಕೆಲಸ, ದಾನ ಕೊಡುವ ವ್ಯಾಪಾರಿಗೆ ನೆಮ್ಮದಿ, ಮಕ್ಕಳ ತಾಯಿಗೆ ಗೆಳತಿಯರು. ಡಾಕ್ಟರ್, ದಾನಿ, ಸ್ವಯಂಸೇವಕಿ ಮೂವರೂ ಒಂದೇ ಸ್ತರದವರು. ಅವರ ನಡುವೆ ನಂಬಿಕೆ ಬೆಳೆಯಿತು. ಮೇಲಿನಿಂದ ಕೆಳಗೆ ಹರಿದದ್ದಕ್ಕಿಂತ ಅಕ್ಕಪಕ್ಕ ಹರಡಿದ್ದು ಹೆಚ್ಚು.

ಅದಕ್ಕೇ ತುಂಗಾತೀರ ಅವರ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು ಅಂತ ನನ್ನ ಅಭಿಪ್ರಾಯ. ಧರ್ಮವೋ ಸೇವೆಯೋ ಅಂತ ಬೇರೆ ಮಾಡಲು ಬರಲ್ಲ. ಲಂಚ ಕೇಳದ ಡಾಕ್ಟರ್ ತಾನು ಹಾಗಿರುವುದು ಧರ್ಮಕ್ಕಾಗಿ ಅನ್ನುತ್ತಾನೆ. ರೋಗಿ ಅದನ್ನು ಕಣ್ಣಾರೆ ನೋಡುತ್ತಾನೆ. ಅಷ್ಟು ಸಾಕು.

ತುಂಗಾತೀರ

ಇದು ನನಗೆ ಹೊಸ ಕೋನ. ಹಾಗಾದರೆ ಇಷ್ಟು ಗಟ್ಟಿಯಾಗಿದ್ದವರು 2012ರಲ್ಲಿ ಅಧಿಕಾರಕ್ಕೆ ಬಂದ ಒಂದೇ ವರ್ಷಕ್ಕೆ ಕುಸಿದದ್ದು ಹೇಗೆ? ಸೈನ್ಯ ಉರುಳಿಸಿತು ಅನ್ನುವುದು ಸರಿ. ಆದರೆ ಬೀದಿಯಲ್ಲಿ ಲಕ್ಷಗಟ್ಟಲೆ ಜನವೂ ಇದ್ದರಲ್ಲ.

ಇತಿಹಾಸದ ಮೇಷ್ಟ್ರು

ನನ್ನ ಮಟ್ಟಿಗೆ ಇಡೀ ಚರ್ಚೆಯ ಜೀವಾಳ ಇದೇ. ಬಚಾವಾಗಲು ಕಟ್ಟಿಕೊಂಡ ಗುಣಗಳೇ ಆಳುವಾಗ ಮುಳುವಾದವು.

1940ರ ದಶಕದಿಂದ ಇಖ್ವಾನ್‌ನ ಬುಡ ಅಂದರೆ 'ಉಸ್ರಾ'. ಐದಾರು ಜನರ ಸಣ್ಣ ಗುಂಪು. ವಾರಕ್ಕೊಮ್ಮೆ ಸೇರಿ ಓದು, ಪ್ರಾರ್ಥನೆ, ಒಬ್ಬರ ಮನೆಯ ಕಷ್ಟ ಇನ್ನೊಬ್ಬರು ನೋಡಿಕೊಳ್ಳುವುದು. ಪೂರ್ಣ ಸದಸ್ಯನಾಗಲು ಹಲವು ಮೆಟ್ಟಿಲು, ವರ್ಷಗಟ್ಟಲೆ ಪರೀಕ್ಷೆ. ಸಂಬಳದಲ್ಲಿ ಒಂದು ಪಾಲು ಸಂಘಕ್ಕೆ. ಮೇಲಿನವರ ಮಾತು ಕೇಳುವುದು ದೊಡ್ಡ ಗುಣ. ಪೊಲೀಸರು ಬೆನ್ನು ಹತ್ತಿದಾಗ ಇದೇ ಅವರನ್ನು ಉಳಿಸಿತು. ಒಂದು ಗುಂಪು ಸಿಕ್ಕಿಬಿದ್ದರೆ ಇನ್ನೊಂದು ಉಳಿಯುತ್ತಿತ್ತು. ಆದರೆ ಹೀಗೆ ಬೆಳೆದವರಿಗೆ ಹೊರಗಿನವರನ್ನು ನಂಬಿ ಗೊತ್ತಿಲ್ಲ. ಒಳಗೆ ಭಿನ್ನಮತ ಸಹಿಸಿ ಗೊತ್ತಿಲ್ಲ.

1996ರಲ್ಲೇ ಕೆಲವು ಕಿರಿಯರು ವಸತ್ ಪಕ್ಷ ಮಾಡಲು ಹೊರಟಾಗ ಹಿರಿಯರು ಕೆಂಡವಾದರು. 2011ರ ಜನವರಿ 25ರಂದು ಮುಬಾರಕ್ ವಿರುದ್ಧ ಜನ ಎದ್ದಾಗ ಕೈರೋದ ತಹ್ರೀರ್ ಚೌಕಕ್ಕೆ ಇಖ್ವಾನ್‌ನ ಹುಡುಗರು ಹೋದರು, ನಾಯಕರು ಹಿಂದೆಮುಂದೆ ನೋಡಿದರು. ಆಮೇಲೆ ಅಬುಲ್ ಫುತೂಹ್ ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೇನೆ ಅಂದದ್ದಕ್ಕೆ ಅವರನ್ನು ಹೊರಹಾಕಿದರು. ಯಾಕೆ ಅಂದರೆ ಸಂಘ ನಾವು ನಿಲ್ಲಲ್ಲ ಅಂತ ಮಾತು ಕೊಟ್ಟಿತ್ತು. ಮುಂದಿನ ವರ್ಷ ಸಂಘವೇ ಮಾತು ಮುರಿದು ನಿಂತಿತು. ಮೊದಲು ಖೈರತ್ ಅಲ್ ಶಾತಿರ್, ಅವರು ಅನರ್ಹರಾದ ಮೇಲೆ ಮುರ್ಸಿ. ಮುರ್ಸಿ ಮೊದಲ ಸುತ್ತಿನಲ್ಲಿ ಪಡೆದದ್ದು ಸುಮಾರು ಶೇ 25 ಮತ. ಎರಡನೇ ಸುತ್ತಿನಲ್ಲಿ ಶೇ 51.7. ಆ ವ್ಯತ್ಯಾಸ ಕೊಟ್ಟವರು ಇಖ್ವಾನ್ ಅಲ್ಲದವರು, ಹಳೆ ಆಡಳಿತ ಮರಳಬಾರದು ಅಂತ ಬಂದವರು. ನವೆಂಬರ್ 2012ರಲ್ಲಿ ತನ್ನ ಆದೇಶಗಳನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಅಂತ ಮುರ್ಸಿ ಘೋಷಿಸಿದಾಗ ಅವರೆಲ್ಲ ಕೈಬಿಟ್ಟರು.

ಉಡುಪಿಯ ಓದುಗಿ

ಮೇಷ್ಟ್ರೇ, ಎಲ್ಲ ಸರಿ. ಆದರೆ ತಪ್ಪು ಪಟ್ಟಿ ಮಾಡುವ ಭರದಲ್ಲಿ ಕೈರೋದ ರಾಬಿಆ ಚೌಕದಲ್ಲಿ ನಡೆದದ್ದನ್ನು ದಾಟಿ ಹೋಗಬೇಡಿ. 2013ರ ಆಗಸ್ಟ್ 14. ಮುರ್ಸಿ ಪರವಾಗಿ ಕೂತಿದ್ದ ಜನರನ್ನು ಭದ್ರತಾ ಪಡೆಯವರು ಒಂದೇ ದಿನದಲ್ಲಿ ಕೊಂದರು. ಹ್ಯೂಮನ್ ರೈಟ್ಸ್ ವಾಚ್ ಲೆಕ್ಕದಲ್ಲಿ ಆ ಒಂದು ಜಾಗದಲ್ಲೇ ಕನಿಷ್ಠ 817 ಜನ. ಕೆಟ್ಟದಾಗಿ ಆಳಿದವರಿಗೆ ಮುಂದಿನ ಚುನಾವಣೆಯಲ್ಲಿ ಪಾಠ ಕಲಿಸಬೇಕಿತ್ತು. ಹೀಗಲ್ಲ.

ನೇರ ಮಾತು

ಇದರಲ್ಲಿ ನಿಮ್ಮ ಜೊತೆ ನಾನಿದ್ದೇನೆ ಅಕ್ಕ. ಅದೇ ದಿನ ಮತ್ತು ಮರುದಿನಗಳಲ್ಲಿ ಸಿಟ್ಟಿಗೆದ್ದ ಗುಂಪುಗಳು ಹತ್ತಾರು ಚರ್ಚುಗಳಿಗೆ ಬೆಂಕಿ ಇಟ್ಟವು. ಅದನ್ನೂ ಸೇರಿಸುತ್ತೇನೆ. ಕಾಪ್ಟಿಕ್ ಜನ ಯಾರನ್ನೂ ಕೊಂದಿರಲಿಲ್ಲ.

ಉಡುಪಿಯ ಓದುಗಿ

ಸೇರಿಸಲೇಬೇಕು.

ಬರ್ಲಿನ್ ಕನ್ನಡಿಗ

ಟ್ಯುನಿಷಿಯಾ ಇನ್ನೊಂದು ದಾರಿ ಹಿಡಿದಿತ್ತು. ಅನ್ನಹ್ದಾ ಪಕ್ಷ 2011ರಲ್ಲಿ 217ರಲ್ಲಿ 89 ಸೀಟು ಗೆದ್ದು, ಬೇರೆಯವರ ಜೊತೆ ಸರ್ಕಾರ ಮಾಡಿತು. ಬಿಕ್ಕಟ್ಟು ಬಂದಾಗ 2014ರ ಆರಂಭದಲ್ಲಿ ಅಧಿಕಾರ ಬಿಟ್ಟುಕೊಟ್ಟಿತು. 2016ರಲ್ಲಿ ಧರ್ಮ ಪ್ರಚಾರ ಬೇರೆ, ಪಕ್ಷ ಬೇರೆ ಅಂತ ತೀರ್ಮಾನ ಮಾಡಿತು. ಇಷ್ಟೆಲ್ಲ ಬಗ್ಗಿದರೂ ಫಲ? 2021ರಲ್ಲಿ ಅಧ್ಯಕ್ಷ ಖೈಸ್ ಸಯೀದ್ ಸಂಸತ್ತಿಗೇ ಬೀಗ ಹಾಕಿದರು. ಪಕ್ಷದ ನಾಯಕ ಗನ್ನೂಷಿ ಅವರನ್ನು 2023ರಲ್ಲಿ ಜೈಲಿಗೆ ಹಾಕಿದರು. ಅವರಿಗೆ 80 ದಾಟಿತ್ತು.

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಅಣ್ಣಾ, ಅಲ್ಲೂ ಒಂದು ಬೆಲೆ ಇತ್ತು. ಪ್ರಚಾರ ಬೇರೆ ಪಕ್ಷ ಬೇರೆ ಮಾಡಿದಾಗ, ದಿನನಿತ್ಯ ಜನರ ನಡುವೆ ಇರುತ್ತಿದ್ದ ಚಳವಳಿಯೂ ಪಕ್ಷದಿಂದ ದೂರವಾಯಿತು. ವರ್ಷದಿಂದ ವರ್ಷಕ್ಕೆ ವೋಟು ಕರಗಿತು. ಸಂಸತ್ತಿಗೆ ಬೀಗ ಬಿದ್ದ ದಿನ ಅದನ್ನು ಉಳಿಸಲು ಬೀದಿಗೆ ಬಂದವರು ಕಡಿಮೆ.

ದೋಹಾ ವಾಸಿ

ಈಜಿಪ್ಟಿನ ಆ ದವಾಖಾನೆಗಳು ಆಮೇಲೆ ಏನಾದವು ಅಂತ ಯಾರೂ ಕೇಳಲಿಲ್ಲ. 2013ರ ಡಿಸೆಂಬರ್‌ನಲ್ಲಿ ಇಖ್ವಾನ್‌ಗೆ ಭಯೋತ್ಪಾದಕ ಸಂಘಟನೆ ಅಂತ ಹಣೆಪಟ್ಟಿ ಹಚ್ಚಿದರು. ಅದೇ ತಿಂಗಳು ಸಾವಿರಕ್ಕೂ ಹೆಚ್ಚು ಸೇವಾ ಸಂಸ್ಥೆಗಳ ಬ್ಯಾಂಕ್ ಖಾತೆ ಸ್ತಂಭನ. 1970ರ ದಶಕದಿಂದ ಆಸ್ಪತ್ರೆ ನಡೆಸುತ್ತಿದ್ದ ಇಸ್ಲಾಮಿಕ್ ಮೆಡಿಕಲ್ ಅಸೋಸಿಯೇಷನ್ ಅನ್ನು 2015ರಲ್ಲಿ ಸರ್ಕಾರ ತನ್ನ ಸಮಿತಿಯ ಕೈಗೆ ಕೊಟ್ಟಿತು. ನನ್ನ ಸಹೋದ್ಯೋಗಿಯ ಅಮ್ಮ ಅಂಥದ್ದೇ ಒಂದು ಕಡೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಅವರಿಗೆ ರಾಜಕೀಯವೇ ಗೊತ್ತಿಲ್ಲ. ದುಡ್ಡು ನಿಂತಾಗ ವಾರಗಟ್ಟಲೆ ಊರೂರು ಅಲೆದರಂತೆ.

ಕಲಬುರಗಿ ಹುಡುಗ

ಹಂಗಾದ್ರ ಈ ಚಳವಳಿ ಮುಗೀತು ಅನ್ನೋಣೇನು? ಸೂಡಾನಿನಲ್ಲೂ ಬಿದ್ದರು ಅಂತ ಓದಿದ್ದೆ.

ಇತಿಹಾಸದ ಮೇಷ್ಟ್ರು

ಸೂಡಾನ್ ಒಳ್ಳೆ ಉದಾಹರಣೆ ತಮ್ಮಾ. ಅಲ್ಲಿ ಹಸನ್ ತುರಾಬಿ ಕಾಯಲಿಲ್ಲ. ಇಖ್ವಾನ್ ಮೂಲದವರೇ ಆದರೂ 1989ರ ಜೂನ್ 30ರಂದು ಸೇನಾಧಿಕಾರಿ ಬಶೀರ್ ಅವರ ಸೈನಿಕ ಕ್ರಾಂತಿಯ ಹಿಂದೆ ನಿಂತು ನೇರ ಅಧಿಕಾರ ಹಿಡಿದರು. ಚಳವಳಿ ಸರ್ಕಾರದೊಳಗೆ ಕರಗಿತು. ಮೊದಲು ಸೇವೆ ಮಾಡುತ್ತಿದ್ದವರು ಫೈಲು, ಗುತ್ತಿಗೆ, ಪೊಲೀಸು ಅಂತ ಹೋದರು. ಹತ್ತು ವರ್ಷದಲ್ಲಿ ಬಶೀರ್ ತುರಾಬಿಯನ್ನೇ ಹೊರದಬ್ಬಿದರು.

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಮತ್ತೆ 2018ರ ಡಿಸೆಂಬರ್‌ನಲ್ಲಿ ಅತ್ಬರಾ ಪಟ್ಟಣದಲ್ಲಿ ರೊಟ್ಟಿ ಬೆಲೆ ಏರಿದ್ದಕ್ಕೆ ಜನ ಎದ್ದಾಗ, ದೇಶದ ತುಂಬ ಪ್ರತಿಭಟನೆ ಕಟ್ಟಿದವರು ಯಾರು? ಸೂಡಾನಿನ ವೃತ್ತಿಪರರ ಒಕ್ಕೂಟ. ಡಾಕ್ಟರುಗಳು, ಮೇಷ್ಟ್ರುಗಳು, ಪತ್ರಕರ್ತರು, ವಕೀಲರು. ಕೈರೋದಲ್ಲಿ ಇಸ್ಲಾಮಿ ಚಳವಳಿಯನ್ನು ಬೆಳೆಸಿದ್ದು ಯಾವ ವರ್ಗವೋ ಖಾರ್ಟೂಮಿನಲ್ಲಿ ಇಸ್ಲಾಮಿ ಸರ್ಕಾರವನ್ನು ಕೆಳಗಿಳಿಸಲು ಎದ್ದದ್ದೂ ಅದೇ ವರ್ಗ. 2019ರ ಏಪ್ರಿಲ್‌ನಲ್ಲಿ ಬಶೀರ್ ಹೋದರು.

ಅಂಕೋಲಾದವ

ಇದು ಗೊತ್ತೇ ಇರಲಿಲ್ಲ. ತಂಗಿ, ಸೂಡಾನಿಗೆ ಬೇರೆ ಚರ್ಚೆ ತೆರೆಯಿರಿ. ಆ ಒಕ್ಕೂಟದವರು ಒಬ್ಬರನ್ನೊಬ್ಬರು ಹೇಗೆ ನಂಬಿದರು, ಗುಪ್ತ ಪೊಲೀಸರ ಕಣ್ಣು ತಪ್ಪಿಸಿ ಹೇಗೆ ಸೇರುತ್ತಿದ್ದರು ಅನ್ನುವುದರಿಂದಲೇ ಶುರು ಮಾಡಿ.

ಸಮಾಜಶಾಸ್ತ್ರ ವಿದ್ಯಾರ್ಥಿನಿ

ಭಾನುವಾರ ಹಾಕುತ್ತೇನೆ. ಮೇಷ್ಟ್ರೇ, ತುರಾಬಿ ಭಾಗ ನೀವು ಬರೆಯಬೇಕು.